ಗಂಡನ ಕಾರ್ಡು ಕಾಯಂ ಆದ ಮಳೆಗಾಲ

ಕಳೆದ ತಿಂಗಳು ಸುಳ್ಯದಿಂದ ಸುಬ್ರಹ್ಮಣ್ಯದ ದಾರಿ ಹಿಡಿದು ಬಂದು ನಮ್ಮ ಕೂಪಿನ ತಿರುವಿನಲ್ಲಿ ಕಾರಿಳಿದಾಗ, ಮೊದಲು ಮೂಗಿಗೆ ಬಂದದ್ದು ಹುಳಿತ ರಬ್ಬರ್ ಹಾಲಿನ ವಾಸನೆ. ಹೊರಗಿನವರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಅದರಲ್ಲೇ ಹುಟ್ಟಿ ಬೆಳೆದವಳು. ಶಾಲೆಯ ಸಮವಸ್ತ್ರಕ್ಕೂ ಬುತ್ತಿಯ ಅನ್ನಕ್ಕೂ ಅದು ಅಂಟಿಕೊಂಡೇ ಇರುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈ ಸಲ ಮಾತ್ರ ಅದು ಮೂಗಿಗೆ ತಾಗಿದ್ದೇ ಕೈ ತಾನಾಗಿ ಹೆಗಲ ಚೀಲದ ಒಳಜೇಬಿಗೆ ಹೋಯಿತು. ಪಾಸ್‌ಪೋರ್ಟು ಇತ್ತು. ಕಾರ್ಡೂ ಇತ್ತು. "ಉಂಟಮ್ಮಾ, ಕಾರಲ್ಲೇ ನೋಡಿದ್ದಿಯಲ್ಲ" ಎಂದಳು ಮಗಳು ನಿಲಾ. ಅವಳಿಗೆ ನನ್ನ ಈ ಚಾಳಿ ಗೊತ್ತು.

ನಾನು ಊರಿಗೆ ಬರದೆ ಎಷ್ಟೋ ವರ್ಷ ಆಗಿತ್ತು. ಅಮ್ಮಾಯಿ, ಅಂದರೆ ನನ್ನ ಅಮ್ಮನ ಅಮ್ಮ, ತೀರಿಕೊಂಡಾಗಲೂ ಬಂದಿರಲಿಲ್ಲ. ಬರಬಾರದೆಂದು ಯಾರೂ ಹೇಳಿರಲಿಲ್ಲ, ಕಾನೂನೂ ಅಡ್ಡ ಬಂದಿರಲಿಲ್ಲ. ಹೆದರಿಕೆ, ಅಷ್ಟೆ. ಆ ಹೆದರಿಕೆ ಹುಟ್ಟಿದ್ದು ಇದೇ ಕೂಪಿನಲ್ಲಿ, ಒಂದು ಮಳೆಗಾಲದಲ್ಲಿ.

ರಬ್ಬರ್ ತೋಟದ ಕೆಲಸಗಾರರ ಸಾಲುಮನೆಗಳಿರುವ ಜಾಗಕ್ಕೆ ಸುಳ್ಯದ ಕಡೆಯವರು ಕೂಪು ಎನ್ನುತ್ತಾರೆ. ನಮ್ಮ ಅಜ್ಜ ಅಜ್ಜಿಯರು ಸಿಲೋನಿನ ಚಹಾ ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ತಮಿಳರು. ಎರಡು ಸರಕಾರಗಳು ಮಾತಾಡಿಕೊಂಡು ಇಂತಿಷ್ಟು ಜನ ಅಲ್ಲಿ, ಇಂತಿಷ್ಟು ಜನ ಇಲ್ಲಿ ಎಂದು ಹಂಚಿಕೊಂಡಾಗ ಇಲ್ಲಿಯ ಪಾಲಿಗೆ ಬಂದವರು. ಹಡಗಿನಲ್ಲಿ ರಾಮೇಶ್ವರಕ್ಕೆ, ಅಲ್ಲಿಂದ ಶಿಬಿರಕ್ಕೆ, ಶಿಬಿರದಿಂದ ಈ ರಬ್ಬರ್ ಗುಡ್ಡಗಳಿಗೆ. ನನ್ನ ಅಮ್ಮ ಆಗ ಮಗು. ನನ್ನ ಹೆಸರು ಕಲೈಸೆಲ್ವಿ. ಕನ್ನಡ ಶಾಲೆಯ ಟೀಚರಿಗೆ ಅದು ಉದ್ದವಾಯಿತು, ಕಲಾ ಎಂದು ಕರೆದರು, ಅದೇ ಉಳಿಯಿತು. ಮುರುಗೇಶ ನಮ್ಮದೇ ಕೂಪಿನವನು, ಮೇಲಿನ ಸಾಲಿನ ಮನೆಯವನು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಭಾಷೆ ಕಲಿತು, ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಹೋದ. ಮದುವೆಯಾಗಿ ನಾನೂ ಹೋದೆ. ನಿಲಾ ಹುಟ್ಟಿದ್ದು ಅಲ್ಲಿ. ಅವಳನ್ನು ಶಿಶುಶಾಲೆಗೆ ಬಿಟ್ಟು ನಾನು ಒಂದು ವೃದ್ಧಾಶ್ರಮದ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ವಾಸಿಸಲು ಸರಕಾರ ಕೊಟ್ಟ ನನ್ನ ಕಾರ್ಡಿನಲ್ಲಿ ನಾನು ಅವನ ಹೆಂಡತಿ, ಕೆಲಸ ಮಾಡಬಹುದು ಎಂದು ಬರೆದಿತ್ತು. ಕೆಳಗೆ ಒಂದು ದಿನಾಂಕವೂ ಇತ್ತು.

ಆ ವರ್ಷ ಜೂನ್ ಮೊದಲಿಗೆ ನಾನೊಬ್ಬಳೇ ಊರಿಗೆ ಬಂದೆ. ನಿಲಾಳಿಗೆ ಆಗ ನಾಲ್ಕು ವರ್ಷ. ಅವಳೂ ಬರಬೇಕಿತ್ತು. ಹೊರಡುವ ಹೊತ್ತಿಗೆ ಕಿವಿಯಲ್ಲಿ ಸೋಂಕಾಯಿತು, ಈಗ ವಿಮಾನ ಹತ್ತಿಸಬೇಡಿ ಎಂದರು ಡಾಕ್ಟರು. ಅಮ್ಮಾಯಿ ನಾನು ಬರುತ್ತೇನೆಂದು ತಿಂಗಳುಗಟ್ಟಲೆಯಿಂದ ಕಾಯುತ್ತಿದ್ದಳು. ಮೂರು ವಾರದ ಮಾತಲ್ಲವೇ, ನಾನು ನೋಡಿಕೊಳ್ಳುತ್ತೇನೆ, ಹೋಗಿ ಬಾ ಎಂದ ಮುರುಗೇಶ. ಕಾರ್ಡಿನ ದಿನಾಂಕ ಮುಗಿಯುವ ಮೊದಲೇ ನಾನು ಹಿಂದಿರುಗುವುದಿತ್ತು. ಅದರ ನವೀಕರಣಕ್ಕೆ ಅರ್ಜಿಯನ್ನೂ ಹಾಕಿ ಬಂದಿದ್ದೆ.

ನಾನು ಬಂದ ಮರುವಾರ ಅವನ ಫೋನ್ ಬಂತು. ಕಾಯಂ ವಾಸದ ಹಕ್ಕು ಸಿಕ್ಕಿತ್ತು. ಇನ್ನು ಅವನು ಆ ಆಸ್ಪತ್ರೆಯಲ್ಲೇ ಇರಬೇಕೆಂದಿಲ್ಲ, ಯಾವ ಊರಿನಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು, ಊರಿಗೆ ಹೋಗಿ ಬರಲು ಯಾರನ್ನೂ ಕೇಳಬೇಕಾಗಿಲ್ಲ. ಅವನು ಹೇಳುತ್ತಾ ಹೋದ, ನಾನು ಇಲ್ಲಿ ಒಬ್ಬಳೇ ನಗುತ್ತಿದ್ದೆ. ಅಮ್ಮ ಸುಳ್ಯದ ಬೇಕರಿಯಿಂದ ಲಾಡು ತರಿಸಿ ಎರಡೂ ಸಾಲಿಗೆ ಹಂಚಿದಳು. ನಮ್ಮ ಕೂಪಿನಲ್ಲಿ ಕಾಯಂ ಎನ್ನುವ ಶಬ್ದಕ್ಕೆ ಬೇರೆಯೇ ತೂಕ ಉಂಟು. ತೋಟದ ಕೆಲಸ ಕಾಯಂ ಆಗಲು ಜನ ಅರ್ಧ ಆಯುಷ್ಯ ಕಾದದ್ದನ್ನು ನಾನು ನೋಡಿದ್ದೇನೆ.

ಅಮ್ಮಾಯಿ ಲಾಡು ಕೈಯಲ್ಲಿ ಹಿಡಿದುಕೊಂಡು ಒಂದೇ ಮಾತು ಕೇಳಿದಳು. ತಮಿಳಿನಲ್ಲಿ ಕೇಳಿದ್ದು; ಮುದ್ದಿನಿಂದ ಅವಳು ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದಳು.

"ನಿನಗೂ ಸಿಕ್ಕಿತಾ, ಕಣ್ಣು?"

ಅವನಿಗೆ ಸಿಕ್ಕಿದರೆ ನನಗೂ ಸಿಕ್ಕಿದ ಹಾಗೆ ಎಂದೆ. ಅವಳು ಲಾಡನ್ನು ತಿನ್ನದೆ ಕಿಟಕಿಯ ಮೇಲಿಟ್ಟಳು. ವಯಸ್ಸಾದವಳು, ಹಲ್ಲಿಲ್ಲ ಎಂದುಕೊಂಡೆ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವಳು ಹಿತ್ತಿಲ ಪಾವಟಿಗೆಯಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಪುತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಮ್ಮನಿಗೆ ತೋಟದ ಕೆಲಸ. ಅಪ್ಪ ನಾನು ಪಿಯುಸಿಯಲ್ಲಿದ್ದಾಗಲೇ ತೀರಿಕೊಂಡಿದ್ದ. ಅಮ್ಮಾಯಿಯನ್ನು ಎತ್ತಿ ಕೂರಿಸಲು, ತೊಳೆಯಲು ಇದ್ದವಳು ನಾನೊಬ್ಬಳೇ. ಟಿಕೆಟ್ ಮುಂದೂಡುವ ಮಾತು ಬಂತು. ನನ್ನ ಕಾರ್ಡಿನ ದಿನ ದಾಟುತ್ತದಲ್ಲ ಎಂದು ಕೇಳಿದೆ. ಮುರುಗೇಶ ಜೊತೆಗೆ ಕೆಲಸ ಮಾಡುವವರನ್ನು ವಿಚಾರಿಸಿದ. ಅರ್ಜಿ ಹಾಕಿಯಾದ ಮೇಲೆ ಹೊಸತು ಬರುವವರೆಗೆ ಹಳೆಯದೇ ನಡೆಯುತ್ತದೆ, ಮೇಲಾಗಿ ನೀನೀಗ ಕಾಯಂ, ಹೆಂಡತಿಯನ್ನು ಯಾರು ತಡೆಯುತ್ತಾರೆ ಎಂದರಂತೆ. ಅವನು ತನ್ನ ಹೊಸ ಕಾರ್ಡಿನ ಫೋಟೋ ಕಳಿಸಿ, ಕೇಳಿದರೆ ತೋರಿಸು ಎಂದ. ಅದು ಅರ್ಧ ನಿಜವಾಗಿತ್ತು. ಆ ದೇಶದ ಒಳಗಿರುವವರಿಗೆ ಹಳೆಯದೇ ನಡೆಯುತ್ತದೆ. ಹೊರಗೆ ಹೋದವರ ಕೈಯಲ್ಲಿ ಅದಕ್ಕೆ ಬೇರೆಯೇ ಒಂದು ಹಂಗಾಮಿ ಕಾಗದ ಇರಬೇಕು. ನನ್ನ ಕೈಯಲ್ಲಿ ಅದಿರಲಿಲ್ಲ. ಅಂಥದ್ದೊಂದು ಇದೆಯೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮಂಗಳೂರಿನ ವಿಮಾನ ನಿಲ್ದಾಣಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು ಲಿಂಗಪ್ಪಣ್ಣ. ಬೆಳ್ಳಾರೆಯ ಗೌಡರು, ನಾವು ಚಿಕ್ಕವರಿದ್ದಾಗ ಕೂಪಿನ ಮಕ್ಕಳನ್ನು ಜೀಪಿನಲ್ಲಿ ಶಾಲೆಗೆ ಬಿಡುತ್ತಿದ್ದವರು, ಈಗ ಕಾರು ಇಟ್ಟುಕೊಂಡಿದ್ದಾರೆ. ನಾನು ಚೀಲಗಳನ್ನು ತಳ್ಳಿಕೊಂಡು ಒಳಗೆ ಹೋದೆ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುವಿ, ಕಾರ್ಡನ್ನು ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ, ಇದರ ಡೇಟ್ ಮುಗಿದಿದೆಯಲ್ಲ ಎಂದಳು. ನಾನು ಫೋನಿನಲ್ಲಿದ್ದ ಮುರುಗೇಶನ ಕಾರ್ಡನ್ನು ತೋರಿಸಿದೆ. ಅವಳು ತನ್ನ ಮೇಲಿನವರನ್ನು ಕರೆದಳು. ಅವರು ಇನ್ನಾರಿಗೋ ಫೋನ್ ಮಾಡಿದರು. ನನ್ನ ಹಿಂದಿನ ಸಾಲು ಬೇರೆ ಕೌಂಟರಿಗೆ ಹೋಯಿತು. ಆ ಮನುಷ್ಯ ಹಿಂದಿರುಗಿ ಬಂದು, ಒಳ್ಳೆಯ ದನಿಯಲ್ಲೇ ಹೇಳಿದರು.

"ನಿಮ್ಮ ಗಂಡ ಪರ್ಮನೆಂಟ್ ಇರಬಹುದು ಮೇಡಂ. ಆದರೆ ಹೋಗುದು ನೀವಲ್ವಾ?"

ಅಷ್ಟು ಸರಳವಾದ ಮಾತನ್ನು ನಮಗೆ ಆವರೆಗೆ ಯಾರೂ ಹೇಳಿರಲಿಲ್ಲ. ಪಾಸ್‌ಪೋರ್ಟ್ ಹಿಂದೆ ಕೊಟ್ಟರು. ನಾನು ಗಾಜಿನ ಗೋಡೆಯ ಪಕ್ಕ ಕೂತೆ. ಅಳು ಬರಲಿಲ್ಲ. ನಿಲಾಳಿಗೆ ಆ ಬೆಳಿಗ್ಗೆ ಹೇಳಿದ್ದೆ, ನಾಳೆ ನೀನು ಏಳುವಾಗ ಅಮ್ಮ ಇರುತ್ತೇನೆ ಎಂದು.

ಹೊರಗೆ ಬಂದರೆ ಲಿಂಗಪ್ಪಣ್ಣ ಅಲ್ಲೇ ನಿಂತಿದ್ದರು. ಹೋಗಲಿಲ್ಲವಾ ಎಂದು ಕೇಳಿದೆ. ವಿಮಾನ ಏಳುದನ್ನು ನೋಡಿ ಹೋಗುವ ಅಂತ ನಿಂತೆ ಎಂದರು. ನನ್ನನ್ನು ಏನೂ ಕೇಳದೆ ಚೀಲಗಳನ್ನು ಡಿಕ್ಕಿಗೆ ಹಾಕಿದರು. ಮಾಣಿ ಪೇಟೆ ದಾಟುವಾಗ ಮಳೆ ಎಷ್ಟು ದಪ್ಪವಾಗಿ ಸುರಿಯಿತೆಂದರೆ ವೈಪರು ಸೋತಿತು, ಕಾರು ಬದಿಗೆ ನಿಲ್ಲಿಸಿದರು. ಆ ನಿಂತ ಕಾರಿನಲ್ಲಿ ಮುರುಗೇಶನಿಗೆ ಫೋನ್ ಮಾಡಿ ಹೇಳಿದೆ. ನಾಳೆ ಕಾರ್ಡಿನ ಆಫೀಸಿಗೆ ಹೋಗಿ ಕೇಳ್ತೇನೆ ಎಂದ. ಹಿಂದಿನಿಂದ ನಿಲಾ ಏನೋ ಹಾಡಿಕೊಳ್ಳುತ್ತಿರುವುದು ಕೇಳಿಸುತ್ತಿತ್ತು.

ಆಫೀಸಿನವರು ಹೇಳಿದ್ದು ಇಷ್ಟು: ಅವಳು ಈಗ ಹೊರಗಿದ್ದಾಳೆ, ಕಾರ್ಡಿನ ದಿನ ಮುಗಿದಿದೆ, ಹಾಗಾಗಿ ಮೊದಲ ಸಲ ಬಂದಂತೆಯೇ ಬರಬೇಕು. ಬೆಂಗಳೂರಿನಲ್ಲಿ ಹೊಸದಾಗಿ ವೀಸಾಕ್ಕೆ ಅರ್ಜಿ ಹಾಕಬೇಕು. ಎಷ್ಟು ಸಮಯ ಹಿಡಿಯುತ್ತದೆ ಎಂದರೆ ಹೇಳಲು ಬರುವುದಿಲ್ಲ. ಕೊಟ್ಟೇ ಕೊಡುತ್ತಾರಾ ಎಂದರೆ ಅದನ್ನೂ ಹೇಳಲು ಬರುವುದಿಲ್ಲ. ಆ ಎರಡನೆಯದನ್ನು ಮುರುಗೇಶ ನನಗೆ ಕೆಲವು ದಿನ ಹೇಳಿರಲಿಲ್ಲ.

ಕೂಪಿನಲ್ಲಿ ಎರಡು ಸಾಲು ಮನೆ. ಒಂದು ಮನೆಯಲ್ಲಿ ಕೆಮ್ಮಿದರೆ ಇನ್ನೊಂದು ಮನೆಗೆ ಕೇಳುತ್ತದೆ. ವಿಮಾನದ ದಿನ ಬದಲಾಯಿತು ಎಂದು ಅಮ್ಮ ಎಲ್ಲರಿಗೂ ಹೇಳಿದಳು. ಮೊದಲ ವಾರ ಜನ ನಂಬಿದರು. ಆಮೇಲೆ ನೀರಿನ ಟ್ಯಾಂಕಿನ ಹತ್ತಿರ ನಾನು ಹೋದರೆ ಮಾತು ನಿಲ್ಲತೊಡಗಿತು. ಅವನಿಗೆ ಅಲ್ಲಿ ಕಾಯಂ ಆಯಿತು, ಇವಳನ್ನು ಇಲ್ಲಿ ಬಿಟ್ಟ ಎನ್ನುವ ಮಾತು ಹೇಗೋ ನಮ್ಮ ಮನೆಗೂ ಬಂತು. ಕೇಳಿದಾಗ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಉಳಿದದ್ದು ಬೇರೆ. ಅವನು ಒಳ್ಳೆಯವನು, ನನಗೆ ಗೊತ್ತು. ಆದರೂ ಕಾಗದದ ಮೇಲೆ ಅವನಿಗೆ ಎಲ್ಲ ಇತ್ತು, ನನಗೆ ಅವನು ಮಾತ್ರ ಇದ್ದ. ಅವನು ಒಂದು ಸಹಿ ಹಾಕದಿದ್ದರೆ, ಒಂದು ಪತ್ರ ಕೊಡದಿದ್ದರೆ ನಾನು ನನ್ನ ಮಗಳ ಊರಿಗೆ ಕಾಲಿಡುವಂತಿರಲಿಲ್ಲ. ಗಂಡನನ್ನು ನಂಬುವುದು ಬೇರೆ, ನಂಬಲೇಬೇಕಾಗಿ ಬರುವುದು ಬೇರೆ. ಆ ಯೋಚನೆ ಒಮ್ಮೆ ತಲೆಗೆ ಹೊಕ್ಕಮೇಲೆ ಅವನು ಎರಡು ರಿಂಗಿಗೆ ಫೋನ್ ಎತ್ತದಿದ್ದರೆ ಕಟ್ ಮಾಡಿ ಮತ್ತೆ ಮತ್ತೆ ಮಾಡುತ್ತಿದ್ದೆ.

ಅಡಿಗೆಮನೆಯ ಮೇಲ್ವಿಚಾರಕಿ ಒಂದು ತಿಂಗಳು ಕಾದರು. ಆಮೇಲೆ, ನಿಮಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಈಗ ಇಲ್ಲವಾದ್ದರಿಂದ ಬೇರೆಯವರನ್ನು ತೆಗೆದುಕೊಳ್ಳಬೇಕಾಗಿದೆ, ಕ್ಷಮಿಸಿ ಎಂದು ಸಂದೇಶ ಕಳಿಸಿದರು. ಅವರ ತಪ್ಪಿರಲಿಲ್ಲ. ನಾನು ಅದನ್ನು ಓದಿ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಅಮ್ಮಾಯಿಯ ಬಟ್ಟೆ ಒಗೆಯಲು ಹೋದೆ.

ಮನೆಯೊಳಗೆ ಕೂತರೆ ಹುಚ್ಚು ಹಿಡಿಯುತ್ತದೆ ಅನ್ನಿಸಿ, ಪಕ್ಕದ ಮನೆಯವರು ಅಮ್ಮಾಯಿಯ ಬಳಿ ಇರುವ ದಿನಗಳಲ್ಲಿ ಅಮ್ಮನ ಜೊತೆ ತೋಟಕ್ಕೆ ಹೋಗತೊಡಗಿದೆ. ಮಳೆಗಾಲದಲ್ಲಿ ರಬ್ಬರ್ ಮರದ ಗಾಯಕ್ಕೆ ನೀರಿಳಿಯದಂತೆ ಪ್ಲಾಸ್ಟಿಕ್ಕಿನ ಲಂಗ ಕಟ್ಟುತ್ತಾರೆ. ಅದನ್ನು ಎತ್ತಿ, ಸಿಪ್ಪೆಯನ್ನು ತೆಳ್ಳಗೆ ಕೆತ್ತಿ, ಹಾಲು ಗೆರಟೆಗೆ ಇಳಿಯುವುದನ್ನು ನೋಡಿ ಮುಂದಿನ ಮರಕ್ಕೆ ಹೋಗಬೇಕು. ಆ ವರ್ಷ ಕಡಬದ ಕಡೆಯಿಂದ ಆನೆಗಳು ಇಳಿದು ಬರುತ್ತಿದ್ದವು. ಒಂದು ಬೆಳಿಗ್ಗೆ ಮಂಜು ಇನ್ನೂ ಕದಲಿರಲಿಲ್ಲ. ಅಮ್ಮ ನನ್ನಿಂದ ನಾಲ್ಕೈದು ಮರ ಆಚೆ ಇದ್ದಳು. ಇದ್ದಕ್ಕಿದ್ದಂತೆ ಅವಳು ಬಂದು ನನ್ನ ತೋಳು ಹಿಡಿದಳು, ಬಾಯಿ ತೆರೆಯಲಿಲ್ಲ. ಕೆಳಗಿನ ಸಾಲಿನಲ್ಲಿ ಕೊಂಬೆ ಮುರಿಯುವ ಸದ್ದು. ಆಮೇಲೆ ಒದ್ದೆ ಚರ್ಮದ ವಾಸನೆ, ದೊಡ್ಡದೊಂದು ಉಸಿರು. ಮಂಜಿನಲ್ಲಿ ಒಂದು ಬೂದು ಬೆನ್ನು ಗೋಡೆಯ ಹಾಗೆ ಸರಿಯಿತು, ಅದರ ಹಿಂದೆ ಇನ್ನೊಂದು. ನಾವು ಮರಕ್ಕೆ ಬೆನ್ನು ಒತ್ತಿ ನಿಂತಿದ್ದೆವು. ಅಮ್ಮನ ಉಗುರು ನನ್ನ ತೋಳಿಗೆ ಇಳಿದಿತ್ತು. ನಾನು ಆಗ ಯೋಚಿಸಿದ್ದು ಸಾವನ್ನಲ್ಲ. ನಾನು ಇಲ್ಲಿ ಸತ್ತರೆ ಅಮ್ಮ ಬರಲಿಲ್ಲ ಎಂದಷ್ಟೇ ನಿಲಾಳಿಗೆ ತಿಳಿಯುತ್ತದೆ, ಬರಲು ಆಗಲಿಲ್ಲ ಎಂದು ತಿಳಿಯುವುದಿಲ್ಲ ಎಂದು.

ಆನೆಗಳು ತೋಡಿನ ನೀರು ದಾಟಿ ಹೋದವು. ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ಅವತ್ತಿನಿಂದ ನನ್ನನ್ನು ತೋಟಕ್ಕೆ ಬರಗೊಡಲಿಲ್ಲ.

ನಿಲಾ ಮೊದಮೊದಲು ವಿಡಿಯೋ ಕರೆಯಲ್ಲಿ ಫೋನನ್ನೇ ತಬ್ಬಿಕೊಳ್ಳುತ್ತಿದ್ದಳು, ಪರದೆಯೆಲ್ಲ ಕತ್ತಲಾಗುತ್ತಿತ್ತು. ಯಾವಾಗ ಬರ್ತಿ ಎಂದು ದಿನಾ ಕೇಳುತ್ತಿದ್ದಳು. ಆಮೇಲೆ ಕೇಳುವುದು ಬಿಟ್ಟಳು. ನನಗೆ ಅದು ಗೊತ್ತಾದದ್ದು ಕೆಲವು ದಿನಗಳ ಮೇಲೆ. ಮುರುಗೇಶನ ಪಾಳಿ ಇರುವಾಗ ಕೆಳಗಿನ ಮನೆಯ ವಯಸ್ಸಾದ ಹೆಂಗಸೊಬ್ಬರು ಅವಳನ್ನು ನೋಡಿಕೊಳ್ಳುತ್ತಿದ್ದರು. ಅವರನ್ನು ನಿಲಾ ಓಮಾ ಎನ್ನುತ್ತಿದ್ದಳು, ಅಜ್ಜಿ ಎಂದು. ನಾನು ತಮಿಳಿನಲ್ಲಿ ಕೇಳಿದ್ದಕ್ಕೆ ಅವಳು ಜರ್ಮನ್‌ನಲ್ಲಿ ಉತ್ತರ ಕೊಡತೊಡಗಿದಳು, ಅದೂ ಅತ್ತ ತಿರುಗಿ, ಆಟಿಕೆ ನೋಡುತ್ತಾ. ಆ ಹೆಂಗಸು ನನಗೆ ಮಾಡಿದ ಉಪಕಾರವನ್ನು ಈ ಜನ್ಮದಲ್ಲಿ ತೀರಿಸಲಾರೆ. ಆದರೂ ನಿಲಾ ಓಡಿಹೋಗಿ ಅವರ ಮಡಿಲಲ್ಲಿ ಕೂತಾಗ ನನ್ನ ಹೊಟ್ಟೆಯಲ್ಲಿ ಏಳುತ್ತಿದ್ದದ್ದು ಉಪಕಾರ ಸ್ಮರಣೆಯಲ್ಲ.

ಆಷಾಢದ, ನಮ್ಮ ಕಡೆಯ ಆಟಿ ತಿಂಗಳ, ಒಂದು ಮಧ್ಯಾಹ್ನ ನಿಲಾಳಿಗೆ ಜ್ವರ ಏರಿತು. ಮುರುಗೇಶ ಕೆಲಸಕ್ಕೆ ರಜೆ ಕೇಳಿದ್ದ, ಆ ತಿಂಗಳಿನಲ್ಲಿ ಆಗಲೇ ಬಹಳ ಸಲ ಕೇಳಿದ್ದ. ಫೋನಿನಲ್ಲಿ ಅವನ ಮುಖ ಬಿಳುಚಿ, ಕಣ್ಣು ಒಳಗೆ ಹೋಗಿತ್ತು. ಮಗು ಮಲಗಿದಲ್ಲೇ ಏನೋ ಬಡಬಡಿಸುತ್ತಿದ್ದಳು. ಅದರಲ್ಲಿ ಅಮ್ಮ ಎನ್ನುವ ಶಬ್ದ ಇದೆಯಾ ಎಂದು ನಾನು ಕಿವಿಗೊಟ್ಟು ಕೇಳಿದೆ. ಇರಲಿಲ್ಲ. ಒದ್ದೆ ಬಟ್ಟೆ ಹಾಕು, ಆ ಔಷಧ ಕೊಡು ಎಂದು ಒಂದರ ಮೇಲೊಂದು ಹೇಳುತ್ತಾ ಹೋದೆ. ನರ್ಸಿಗೇ ಹೇಳುತ್ತಿದ್ದೇನೆ ಎಂಬುದೂ ನೆನಪಿಗೆ ಬರಲಿಲ್ಲ.

"ನನಗೆ ಗೊತ್ತುಂಟು ಕಲಾ. ಸ್ವಲ್ಪ ಸುಮ್ಮನಿರು" ಎಂದ. ಆಮೇಲೆ, ನನ್ನನ್ನು ನೋಡದೆ, "ನನಗೆ ಒಬ್ಬನಿಗೆ ಆಗುದಿಲ್ಲ. ನಿಲಾಳನ್ನು ಊರಿಗೆ ತಂದು ಬಿಡ್ತೇನೆ."

ಕೇಳಿದ ಕೂಡಲೇ ನನಗೆ ಆದದ್ದು ಸಂತೋಷ. ಮಗು ಇಲ್ಲಿಗೆ ಬರುತ್ತದೆ, ನನ್ನ ಪಕ್ಕದಲ್ಲಿ ಮಲಗುತ್ತದೆ, ಉಳಿದದ್ದೆಲ್ಲ ಆಮೇಲೆ. ತಂದುಬಿಡು, ನಾಳೆಯೇ ಹೊರಡು ಎಂದೆ. ಅಮ್ಮನೂ ತಲೆಯಾಡಿಸಿದಳು. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಮ್ಮಾಯಿ ಆಗ ಮಾತಾಡಿದಳು.

"ಮಗುವನ್ನು ಕದಲಿಸಬೇಡಿ."

ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದೇ ನಮಗೆ ತಿಳಿದಿರಲಿಲ್ಲ. ನನ್ನನ್ನು ಹತ್ತಿರ ಕೂರಿಸಿಕೊಂಡು, ಅವಳು ನನ್ನ ಜನ್ಮದಲ್ಲಿ ಒಮ್ಮೆಯೂ ಹೇಳದಿದ್ದ ಒಂದು ಹೆಸರು ಹೇಳಿದಳು. ರಾಸಾತಿ. ಅವಳ ತಂಗಿ. ಅವಳಿಗೊಬ್ಬ ತಂಗಿ ಇದ್ದಳೆಂದು ನನ್ನ ಅಮ್ಮನಿಗೂ ಮಸುಕಾಗಿ ಮಾತ್ರ ಗೊತ್ತಿತ್ತು.

ರಾಸಾತಿಯ ಗಂಡನಿಗೆ ಸಿಲೋನಿನಲ್ಲೇ ಇರಲು ಕಾಗದ ಸಿಕ್ಕಿತ್ತು. ರಾಸಾತಿಯ ಹೆಸರಿಗೆ ಅಲ್ಲಿಯದೂ ಇರಲಿಲ್ಲ, ಇಲ್ಲಿಯದೂ ಇರಲಿಲ್ಲ. ಗಂಡನಿಗೆ ಸಿಕ್ಕಿತಲ್ಲ, ನನಗೆ ಬೇರೆ ಯಾಕೆ ಎಂದು ಅವಳು ನಕ್ಕಳಂತೆ. ಅಮ್ಮಾಯಿಯ ಸಂಸಾರ ಹಡಗು ಹತ್ತುವ ಮೊದಲು ರಾಸಾತಿ ತನ್ನ ಮಗನನ್ನು ಅಕ್ಕನ ಕೈಗೆ ಕೊಟ್ಟಳು. ಮಗುವಿಗೆ ಅಲ್ಲಿಯ ತೋಟದಲ್ಲಿ ಆಗಾಗ ಕಾಯಿಲೆ, ಸ್ವಲ್ಪ ದಿನ ನಿನ್ನ ಹತ್ತಿರ ಇರಲಿ, ಮುಂದಿನ ಹಡಗಿಗೆ ನಾನೂ ಬಂದು ನೋಡುತ್ತೇನೆ ಎಂದಳು. ಮಗು ಅಮ್ಮಾಯಿಯ ಮಗನೆಂದು ಹಡಗು ಹತ್ತಿತು. ಆಮೇಲೆ ರಾಸಾತಿ ಹೊರಡಲು ಹೋದಾಗಲೆಲ್ಲ ನೀನು ಯಾವ ದೇಶದವಳು ಎಂದು ಕೇಳಿದರು. ತೋರಿಸಲು ಅವಳ ಬಳಿ ಯಾವ ಕಾಗದವೂ ಇರಲಿಲ್ಲ. ಕೊನೆಗೆ ಗಲಭೆ ಶುರುವಾಗಿ ಹಡಗೇ ನಿಂತಿತು. ಪತ್ರ ಬರುವುದೂ ನಿಂತಿತು. ಮಗು ಈ ಕೂಪಿಗೆ ಬಂದ ಎರಡನೆಯ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿತು. ಅದನ್ನು ತಂಗಿಗೆ ತಿಳಿಸಲು ಅಮ್ಮಾಯಿಗೆ ಯಾವ ದಾರಿಯೂ ಇರಲಿಲ್ಲ.

"ಅವಳು ಈಗಲೂ ಇದ್ದರೆ," ಎಂದಳು ಅಮ್ಮಾಯಿ, "ಮಗ ನನ್ನ ಹತ್ತಿರ ದೊಡ್ಡವನಾಗಿದ್ದಾನೆ ಅಂತಲೇ ಎಣಿಸಿಕೊಂಡಿರುತ್ತಾಳೆ. ಮಗು ಇರುವಲ್ಲಿಗೆ ನೀನು ಹೋಗಬೇಕು ಕಣ್ಣು. ಮಗುವನ್ನು ದಡ ದಾಟಿಸಬೇಡ."

ಅಮ್ಮ ಬಾಗಿಲ ಬಳಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅರಣ್ಯ ಇಲಾಖೆಯವರು ಖಾಕಿ ಹಾಕಿಕೊಂಡು ಬಂದರೆ ಅಮ್ಮಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದನ್ನು ನೋಡಿ ನಾವು ಮಕ್ಕಳೆಲ್ಲ ನಗುತ್ತಿದ್ದೆವು; ಆ ಹೆದರಿಕೆ ಎಲ್ಲಿಂದ ಬಂದದ್ದೆಂದು ಈಗ ತಿಳಿಯಿತು. ನಾನು ಮುರುಗೇಶನಿಗೆ ಫೋನ್ ಮಾಡಿ ಬೇಡ ಎಂದೆ. ಯಾಕೆ ಎಂದ. ಹೇಳಿದೆ. ಅವನೂ ಇದೇ ಕೂಪಿನವನು, ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಿಲಾಳ ಜ್ವರ ಮೂರನೆಯ ದಿನ ಇಳಿಯಿತು. ಆ ಮೂರು ದಿನ ನಾನು ಏನು ತಿಂದೆ, ಎಲ್ಲಿ ಕೂತೆ, ನೆನಪಿಲ್ಲ.

ಬೆಂಗಳೂರಿನಲ್ಲಿ ವೀಸಾ ಸಂದರ್ಶನದ ದಿನ ಸಿಕ್ಕಿದಾಗ ಘಟ್ಟದಲ್ಲಿ ಮಣ್ಣು ಕುಸಿಯುತ್ತಿತ್ತು. ಸಂಪಾಜೆಯ ರಸ್ತೆ ಬಂದ್. ಆ ದಿನ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ. ಲಿಂಗಪ್ಪಣ್ಣ ರೈಲು ಓಡುತ್ತಾ ಉಂಟು, ಒಂದು ದಿನ ಮೊದಲೇ ಹೊರಡುವ ಎಂದರು. ನೆಟ್ಟಣದ ಸ್ಟೇಷನ್ನಿಗೆ ಬಿಟ್ಟು, ರೈಲು ಬರುವವರೆಗೆ ಜೊತೆಗೆ ನಿಂತರು. ಅದು ಬಹಳ ತಡವಾಗಿ ಬಂತು.

"ಹೆದರಬೇಡ ಮಾರಾಯ್ತಿ" ಎಂದರು ಹತ್ತಿಸುವಾಗ. "ನೀನು ಎಂತ ತಪ್ಪು ಮಾಡಿದ್ದಿ? ಇದ್ದದ್ದನ್ನು ಇದ್ದ ಹಾಗೆ ಹೇಳು."

ಘಟ್ಟ ಹತ್ತುವಾಗ ರೈಲು ಎರಡು ಸುರಂಗಗಳ ನಡುವೆ ನಿಂತುಬಿಟ್ಟಿತು. ಮುಂದೆ ಹಳಿಯ ಮೇಲೆ ಮಣ್ಣು ಬಿದ್ದಿದೆ, ತೆಗೆಯುತ್ತಿದ್ದಾರೆ ಎಂದರು. ಒಂದು ಬದಿ ಕಲ್ಲಿನ ಗೋಡೆಯಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು, ಇನ್ನೊಂದು ಬದಿ ಬರೀ ಬಿಳಿ, ಕೆಳಗೆ ಏನಿದೆಯೋ ಕಾಣಿಸುತ್ತಿರಲಿಲ್ಲ. ಡಬ್ಬಿಯಲ್ಲಿದ್ದವರು ಚಕ್ಕುಲಿ ಬಿಚ್ಚಿ ತಿನ್ನುತ್ತಾ ಹರಟುತ್ತಿದ್ದರು. ನಾನು ಕಾಗದಗಳ ಚೀಲವನ್ನು ಸೀರೆಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡು, ಮೇಲಿನ ಗುಡ್ಡವನ್ನೇ ನೋಡುತ್ತಾ ಕೂತಿದ್ದೆ. ಗುಡ್ಡ ಬಿದ್ದರೆ ನನ್ನ ಮೇಲೆ ಬೀಳಲಿ, ಹಳಿಯ ಮೇಲೆ ಬೀಳದಿರಲಿ ಎಂದು ಕೇಳಿಕೊಂಡದ್ದು ನೆನಪಿದೆ. ಭಯಕ್ಕೆ ಬುದ್ಧಿ ಇರುವುದಿಲ್ಲ.

ರೈಲು ಕದಲಿತು. ನಾನು ಸಮಯಕ್ಕೆ ತಲುಪಿದೆ. ಗಾಜಿನ ಆಚೆ ಕೂತಿದ್ದಾಕೆ ಕನ್ನಡದವರೇ. ಗಂಡನಿಗೆ ಕಾಯಂ ಹಕ್ಕು ಸಿಕ್ಕಿದಾಗ ನೀವೆಲ್ಲಿದ್ದಿರಿ ಎಂದು ಕೇಳಿದರು. ಮಗು ಅಲ್ಲಿ, ನೀವು ಇಲ್ಲಿ, ಯಾಕೆ ಎಂದರು. ಅಲ್ಲಿ ಕೆಲಸಕ್ಕೆ ಹೋಗುತ್ತೀರಾ ಎಂದರು. ಹೌದೆಂದರೆ ಕೆಲಸಕ್ಕಾಗಿಯೇ ಹೋಗುತ್ತಿದ್ದಾಳೆ ಎನ್ನುತ್ತಾರಾ? ಇಲ್ಲವೆಂದರೆ ಅಲ್ಲಿ ಹೊರೆಯಾಗುತ್ತಾಳೆ ಎನ್ನುತ್ತಾರಾ? ಹೋಗುತ್ತೇನೆ, ಅಡಿಗೆ ಕೆಲಸ ಗೊತ್ತು, ಮೊದಲೂ ಮಾಡುತ್ತಿದ್ದೆ ಎಂದೆ. ಅಮ್ಮಾಯಿ ಬಿದ್ದದ್ದು, ವಿಮಾನ ನಿಲ್ದಾಣದಲ್ಲಿ ಆದದ್ದು, ಎಲ್ಲ ಹೇಳಿದೆ. ಆಕೆ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಲೇ ಇದ್ದರು, ಮುಖದಲ್ಲಿ ಏನೂ ತಿಳಿಯಲಿಲ್ಲ. ಆಯಿತು, ಹೋಗಬಹುದು ಎಂದರು. ಎಲ್ಲಿಗೆ ಹೋಗಬಹುದು ಎಂದು ಕೇಳುವಷ್ಟು ನನ್ನ ತಲೆ ಕೆಟ್ಟಿತ್ತು.

ಮತ್ತೆ ಕಾಯುವುದು. ಪಾಸ್‌ಪೋರ್ಟೂ ಅವರ ಬಳಿ. ಅದು ಕೈಯಲ್ಲಿಲ್ಲದ ದಿನಗಳಲ್ಲಿ ನಾನು ಕೂಪಿನಿಂದ ಸುಳ್ಯ ಪೇಟೆಗೆ ಹೋಗಲೂ ಅಂಜುತ್ತಿದ್ದೆ. ಅಮ್ಮಾಯಿ ಆ ಹೊತ್ತಿಗೆ ವಾಕರ್ ಹಿಡಿದು ಬಾಗಿಲವರೆಗೆ ನಡೆಯತೊಡಗಿದ್ದಳು. ಚೌತಿ ಕಳೆದು, ಬಿಸಿಲು ಮಳೆ ಕೂಡಿ ಬರುವ ದಿನಗಳಲ್ಲಿ ಕೊರಿಯರಿನವನ ಫೋನ್ ಬಂತು. ಲಕೋಟೆ ಒಡೆಯಲು ನನ್ನಿಂದ ಆಗಲಿಲ್ಲ. ಅಮ್ಮ ರಬ್ಬರ್ ಕೆತ್ತುವ ಕತ್ತಿಯಲ್ಲಿ ಅಂಚು ಸೀಳಿ, ಪುಟ ತಿರುವಿ, ನನ್ನ ಫೋಟೋ ಇರುವ ಹೊಸ ಹಾಳೆಯನ್ನು ತೋರಿಸಿದಳು. ವೀಸಾ ಮೂರು ತಿಂಗಳದ್ದು. ಅಲ್ಲಿಗೆ ಹೋದಮೇಲೆ ಆಫೀಸಿಗೆ ಹೋಗಿ ಹೊಸ ಕಾರ್ಡು ಮಾಡಿಸಿಕೊಳ್ಳಬೇಕು. ಅಮ್ಮನಿಗೆ ಅದೆಲ್ಲ ಓದಲು ಬರುತ್ತಿರಲಿಲ್ಲ. ನನ್ನ ಮುಖ ನೋಡಿ ತಿಳಿದುಕೊಂಡಳು.

ಹೊರಡುವ ದಿನ ಅಮ್ಮಾಯಿ ವಾಕರ್ ಹಿಡಿದು ಅಂಗಳದವರೆಗೆ ಬಂದಳು. ಮುಂದಿನ ವರ್ಷ ನಿಲಾಳನ್ನು ಕರೆದುಕೊಂಡು ಬರುತ್ತೇನೆ ಎಂದೆ. ಅವಳು ನನ್ನ ಕೆನ್ನೆ ಹಿಡಿದು, ನಾನು ಸತ್ತರೂ ನಿನ್ನ ಕಾರ್ಡು ಕೈಗೆ ಬಾರದೆ ಇಲ್ಲಿಗೆ ಬರಬೇಡ ಎಂದಳು. ಬೈಗುಳದ ಹಾಗಿತ್ತು ಅದು. ಎರಡು ವರ್ಷ ಕಳೆದು ಅವಳು ಸತ್ತ ಸುದ್ದಿ ಬಂದಾಗ ನನ್ನ ಕಾರ್ಡು ಸರಿಯಾಗಿಯೇ ಇತ್ತು, ದಿನಾಂಕವೂ ದೂರವಿತ್ತು, ಹೊಸ ಕೆಲಸದಲ್ಲಿ ರಜೆಯೂ ಸಿಗುತ್ತಿತ್ತು. ಟಿಕೆಟ್ ನೋಡಲು ಕೂತೆ. ಕೊನೆಯ ಬಟನ್ ಒತ್ತದೆ ಫೋನ್ ಕೆಳಗಿಟ್ಟೆ. ನನ್ನ ಹೆಸರಿಗೇ ಕಾಯಂ ಹಕ್ಕು ಬಂದ ಮೇಲೆಯೇ, ಅಂದರೆ ಈ ವರ್ಷವೇ, ನಾನು ಊರಿಗೆ ಬಂದದ್ದು.

ಆ ಮಳೆಗಾಲದ ಕೊನೆಗೆ, ಹೊಸ ವೀಸಾ ಹಿಡಿದು ಜರ್ಮನಿಯಲ್ಲಿ ವಿಮಾನ ಇಳಿದು, ಅಧಿಕಾರಿಯ ಕಿಟಕಿ ದಾಟಿ ಹೊರಗೆ ಬಂದಾಗ ಮುರುಗೇಶ ಕಂಬಿಯ ಆಚೆ ನಿಂತಿದ್ದ. ಬಡವಾಗಿದ್ದ. ನಿಲಾ ಅವನ ಕಾಲಿನ ಹಿಂದೆ ಇದ್ದಳು. ಕೂದಲನ್ನು ಕಿವಿಯವರೆಗೆ ಕತ್ತರಿಸಿದ್ದರು, ನಾನು ನೋಡಿರದ ನೀಲಿ ಅಂಗಿ ಹಾಕಿದ್ದಳು. ನಾನು ನೆಲಕ್ಕೆ ಮಂಡಿಯೂರಿ ಕೈ ಚಾಚಿದೆ. ಅವಳು ಬರಲಿಲ್ಲ. ಅಪ್ಪನ ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನು ಎಷ್ಟು ದಿನ ಇರ್ತಿ?" ಎಂದು ಕೇಳಿದಳು. ಮನೆಗೆ ಬಂದ ನೆಂಟರನ್ನು ಮಕ್ಕಳು ಕೇಳುವ ಹಾಗೆ, ಸಿಟ್ಟಿಲ್ಲದೆ.

ಇರ್ತೇನೆ ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮುರುಗೇಶ ನನ್ನ ಚೀಲಗಳನ್ನು ತೆಗೆದುಕೊಂಡ. ನಿಲಾ ಕಾಲಿನ ಹಿಂದಿನಿಂದ ಬಂದು ನನ್ನ ದೊಡ್ಡ ಪೆಟ್ಟಿಗೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನ್ನ ಕೈ ಹಿಡಿಯಲಿಲ್ಲ. ರೈಲಿನಲ್ಲಿ, ಬಸ್ಸಿನಲ್ಲಿ, ಮನೆಯ ಮೆಟ್ಟಿಲು ಹತ್ತುವಾಗಲೂ ಆ ಪೆಟ್ಟಿಗೆಯನ್ನು ಬಿಡಲಿಲ್ಲ. ಮನೆಯೊಳಗೆ ಹೋದಮೇಲೆ ಅದನ್ನು ಎಳೆದುಕೊಂಡು ಹೋಗಿ ತನ್ನ ಹಾಸಿಗೆಯ ಕೆಳಗೆ ತಳ್ಳಿ, ಅದರ ಮುಂದೆ ಕೂತಳು.